ಕಾರ್ಬನ್ ಫೈಬರ್ ಬಣ್ಣ ಕೆಟ್ಟಿದೆಯಾ? ಯಾವ ಪದರ ಕೆಟ್ಟಿದೆ ಅಂತ ಮೊದಲು ನೋಡಿ

ಸ್ಪೋರ್ಟ್ಸ್ ಕಾರಿನ ಬಾನೆಟ್ಟೋ ಸ್ಪಾಯ್ಲರೋ ಮಿರರ್ ಕವರೋ ಹಳದಿ ತಿರುಗಿದೆ ಅಂದ ಕೂಡಲೇ ಬಹಳ ಜನ ಪಾಲಿಶಿಂಗ್ ಮೆಷಿನ್‌ಗೆ ಕೈ ಹಾಕುತ್ತಾರೆ. ದಯವಿಟ್ಟು ಸ್ವಲ್ಪ ತಡೆಯಿರಿ. ಪಾಲಿಶ್ ಅಂದರೆ ಮೇಲಿನ ಪದರವನ್ನು ಸವೆಸುವುದು. ಬಣ್ಣ ಕೆಟ್ಟಿರುವುದು ಆ ಪದರದಲ್ಲೇ ಇದ್ದರೆ ಸರಿ. ಅದರ ಕೆಳಗಿನ ಪದರದಲ್ಲಿದ್ದರೆ, ಚೆನ್ನಾಗಿದ್ದ ಕ್ಲಿಯರ್ ಕೋಟನ್ನು (ಮೇಲಿನ ಪಾರದರ್ಶಕ ಲೇಪನವನ್ನು) ನೀವೇ ತೆಳು ಮಾಡಿ, ಒಳಗಿನ ದೋಷಕ್ಕೆ ಇನ್ನಷ್ಟು ಬಿಸಿಲು ಬಿಟ್ಟ ಹಾಗೆ.

ಒಂದು ವಿಷಯ ಮೊದಲೇ ತಿಳಿದಿರಲಿ. ಕಾರ್ಬನ್ ಎಳೆ ಹಳದಿಯಾಗುವುದಿಲ್ಲ. ಬಿಸಿಲಿಗೆ ಮಾಸುವುದಿಲ್ಲ, ಮಳೆಗೆ ಬಿಳಿಚುವುದಿಲ್ಲ. 5ರಿಂದ 7 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪದ ಆ ಎಳೆ ಎಷ್ಟು ವರ್ಷ ಕಳೆದರೂ ಕಪ್ಪಾಗಿಯೇ ಇರುತ್ತದೆ. ಕೆಡುವುದು ಎಳೆಗಳನ್ನು ಹಿಡಿದಿರುವ ರೆಸಿನ್, ಅದರ ಮೇಲಿನ ಕ್ಲಿಯರ್ ಕೋಟ್, ಅಥವಾ ಅದಕ್ಕೂ ಮೇಲೆ ನಾವೇ ಅಂಟಿಸಿದ ಫಿಲ್ಮ್, ಹಚ್ಚಿದ ವ್ಯಾಕ್ಸ್. ಅಷ್ಟೇ. ಹಾಗಾಗಿ "ಕಾರ್ಬನ್ ಹೋಯ್ತು" ಅಂತ ಗಾಬರಿ ಬೇಡ.

ಒಂದು ಬಾನೆಟ್ ಉದಾಹರಣೆಗೆ ತಗೊಳ್ಳಿ. ತಳದಲ್ಲಿ ಕಾರ್ಬನ್ ಬಟ್ಟೆಯ ಕೆಲವು ಪದರಗಳಿರುತ್ತವೆ. ಅವನ್ನು ಸಾಮಾನ್ಯವಾಗಿ ಎಪಾಕ್ಸಿ ರೆಸಿನ್ ಹಿಡಿದಿರುತ್ತದೆ. ಬಟ್ಟೆಯ ಮೇಲೆ ಬರೀ ರೆಸಿನ್ನಿನ ಒಂದು ತೆಳು ಪದರ. ಅದರ ಮೇಲೆ ಪಾಲಿಯುರೆಥೇನ್ ಕ್ಲಿಯರ್ ಕೋಟ್. ಮಾಮೂಲಿ ಕಾರಿನ ಪೇಂಟ್ ಮೇಲೆ ಕ್ಲಿಯರ್ ಸುಮಾರು 40ರಿಂದ 60 ಮೈಕ್ರಾನ್ ಇರುತ್ತದೆ. ಕಾರ್ಬನ್ ಭಾಗಗಳಲ್ಲಿ ನೇಯ್ಗೆಯ ಏರುತಗ್ಗು ಮುಚ್ಚೋದಕ್ಕೆ ಹಲವು ಕೋಟ್ ಹೊಡೆದು, ನಡುನಡುವೆ ಉಜ್ಜಿ, ಮತ್ತೆ ಹೊಡೆಯುತ್ತಾರೆ, ಹಾಗಾಗಿ ಅದಕ್ಕಿಂತ ದಪ್ಪ ಇರಬಹುದು, ಆದರೆ ಎಲ್ಲ ಕಡೆ ಒಂದೇ ಸಮ ಇರುತ್ತೆ ಅಂತ ನಂಬಬೇಡಿ, ಅಂಚಿನಲ್ಲಿ ಮತ್ತು ಚೂಪು ಮಡಿಕೆಗಳಲ್ಲಿ ತೀರಾ ತೆಳುವಾಗಿರುತ್ತದೆ.

ಎಪಾಕ್ಸಿ ಯಾಕೆ ಹಳದಿಯಾಗುತ್ತೆ? ಸಾಮಾನ್ಯ ಎಪಾಕ್ಸಿಯ ಅಣುಗಳಲ್ಲಿ ಬೆಂಜೀನ್ ಉಂಗುರಗಳಿವೆ. ನೆಲಕ್ಕೆ ತಲುಪುವ ಬಿಸಿಲಿನ ನೇರಳಾತೀತ ಕಿರಣ, ಅಂದರೆ ಸುಮಾರು 295ರಿಂದ 400 ನ್ಯಾನೋಮೀಟರ್ ನಡುವಿನದು, ಅದರಲ್ಲೂ ಕಿರಿದಾದ ಅಲೆಗಳನ್ನು ಈ ಉಂಗುರಗಳು ಚೆನ್ನಾಗಿ ಹೀರಿಕೊಳ್ಳುತ್ತವೆ. ಗಾಳಿಯ ಆಮ್ಲಜನಕವೂ ಸೇರಿಕೊಂಡು ಅಣುಗಳು ಒಡೆದು ಬೇರೆ ರೂಪ ತಾಳುತ್ತವೆ. ಆ ಹೊಸ ಅಣುಗಳು ನೀಲಿ ಬೆಳಕನ್ನು ನುಂಗುವುದರಿಂದ ನಮಗೆ ಹಳದಿ ಕಾಣುತ್ತದೆ. ಗಟ್ಟಿಯಾಗಲು ಬೆರೆಸುವ ಅಮೀನ್ ಹಾರ್ಡನರ್ ಕೂಡ ಇದಕ್ಕೆ ತನ್ನ ಪಾಲು ಸೇರಿಸುತ್ತದೆ. ಒಳ್ಳೆಯ ಕ್ಲಿಯರ್ ಕೋಟಿನಲ್ಲಿ ಈ ಕಿರಣವನ್ನು ಹೀರುವ ಯುವಿ ಅಬ್ಸಾರ್ಬರ್ ಮತ್ತು ಕೆಡುವಿಕೆ ನಿಧಾನ ಮಾಡುವ ಸ್ಟೆಬಿಲೈಸರ್ ಇರುತ್ತವೆ. ಅಂದರೆ ಕ್ಲಿಯರ್ ಕೋಟ್ ಬರೀ ಹೊಳಪಿಗೆ ಇರುವುದಲ್ಲ, ಎಪಾಕ್ಸಿಗೆ ಅದೇ ರಕ್ಷಣೆ. ಅದನ್ನು ಪಾಲಿಶ್ ಮಾಡಿ ಮಾಡಿ ಸವೆಸಿದಷ್ಟೂ ರಕ್ಷಣೆ ಕಡಿಮೆಯಾಗುತ್ತದೆ.

ಮುಟ್ಟುವ ಮೊದಲು ನೋಡಬೇಕಾದ್ದು

ಮೊದಲು ಭಾಗವನ್ನು ಚೆನ್ನಾಗಿ ತೊಳೆದು ಒರೆಸಿ. ಮಾಮೂಲಿ ಕಾರ್ ಶಾಂಪೂ ಸಾಕು. ಆಮೇಲೆ ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಮೈಕ್ರೋಫೈಬರ್ ಬಟ್ಟೆಯಿಂದ ಒಂದು ಸಲ ಒರೆಸಿ. ಬಟ್ಟೆ ಹಳದಿ ಅಥವಾ ಕಂದು ಬಣ್ಣಕ್ಕೆ ತಿರುಗಿ ಭಾಗ ಸ್ವಚ್ಛವಾದರೆ ಕೆಲಸ ಅಲ್ಲಿಗೇ ಮುಗೀತು. ಅದು ಹಳೇ ವ್ಯಾಕ್ಸ್, ರಸ್ತೆಯ ಎಣ್ಣೆ ಜಿಡ್ಡು ಅಥವಾ ಸೈಲೆನ್ಸರ್ ಮಸಿ. ಹಿಂದಿನ ಬಂಪರ್ ಕೆಳಗಿನ ಡಿಫ್ಯೂಸರ್‌ನಲ್ಲಿ ಇದು ತುಂಬಾ ಸಾಮಾನ್ಯ.

ತೊಳೆದ ಮೇಲೂ ಬಣ್ಣ ಹಾಗೇ ಇದೆ ಅಂದರೆ ಭಾಗವನ್ನು ಹಗಲು ಬೆಳಕಿನಲ್ಲಿ, ನೆರಳಲ್ಲಿ ಇಟ್ಟು ನೋಡಿ. ಗ್ಯಾರೇಜಿನ ಹಳದಿ ಬಲ್ಬ್ ಕೆಳಗೆ ಎಲ್ಲ ಕ್ಲಿಯರ್ ಕೋಟೂ ಹಳದಿಯಾಗೇ ಕಾಣುತ್ತದೆ. ಪಕ್ಕದಲ್ಲಿ ಒಂದು ಬಿಳಿ ಕಾಗದ ಇಟ್ಟುಕೊಳ್ಳಿ, ಕಣ್ಣಿಗೆ ಹೋಲಿಕೆ ಸಿಗುತ್ತದೆ. ನಾಲ್ಕೂ ದಿಕ್ಕಿನಿಂದ ನೋಡಿ. ಓರೆ ಗೆರೆಗಳಂತೆ ಕಾಣುವ ಟ್ವಿಲ್ ನೇಯ್ಗೆಯಲ್ಲಿ ಎಳೆಗಳ ದಿಕ್ಕಿಗೆ ತಕ್ಕ ಹಾಗೆ ಬೆಳಕು ಪ್ರತಿಫಲಿಸುತ್ತದೆ, ಹಾಗಾಗಿ ಒಂದು ಕಡೆಯಿಂದ ಬೂದು ಕಾಣುವ ಪಟ್ಟಿ ಇನ್ನೊಂದು ಕಡೆಯಿಂದ ಕಡುಕಪ್ಪು ಕಾಣುತ್ತದೆ. ನೀವು ಜಾಗ ಬದಲಿಸಿದಾಗ ಬಣ್ಣವೂ ಬದಲಾದರೆ ಅದು ದೋಷವೇ ಅಲ್ಲ. ಕತ್ತರಿಸಿದ ಎಳೆಗಳನ್ನು ಒತ್ತಿ ಮಾಡುವ ಫೋರ್ಜ್ಡ್ ಕಾರ್ಬನ್‌ನಲ್ಲಂತೂ ಪ್ರತಿ ತುಣುಕೂ ಬೇರೆ ದಿಕ್ಕಿಗಿರುತ್ತದೆ. ಲ್ಯಾಂಬೋರ್ಗಿನಿ 2010ರಲ್ಲಿ ತೋರಿಸಿದ ಸೆಸ್ಟೊ ಎಲೆಮೆಂಟೊ ಕಾರಿನಿಂದ ಈ ನೋಟ ಹೆಸರಾಯಿತು. ಅದರಲ್ಲಿ ಬೂದು ಕಪ್ಪು ಮಚ್ಚೆ ಇರುವುದೇ ಸಹಜ.

ಈಗ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ. ಖರ್ಚಿಲ್ಲ, ಅಪಾಯ ಇಲ್ಲ. ಬಣ್ಣ ಕೆಟ್ಟ ಜಾಗಕ್ಕೆ ಸ್ವಲ್ಪ ನೀರು ಸಿಂಪಡಿಸಿ, ಬೆರಳಿಂದ ಹರಡಿ, ಒದ್ದೆ ಇರುವಾಗಲೇ ಹತ್ತಿರದಿಂದ ನೋಡಿ.

ಮಂಕು ಪೂರ್ತಿ ಮಾಯವಾಗಿ ನೇಯ್ಗೆ ಹೊಸದರಂತೆ ಕಂಡು, ಒಣಗಿದ ಕೂಡಲೇ ಮತ್ತೆ ಮಂಕಾದರೆ, ದೋಷ ಕ್ಲಿಯರ್ ಕೋಟಿನ ಮೇಲ್ಮೈಯಲ್ಲೇ ಇದೆ. ಸಣ್ಣ ಗೀರುಗಳಲ್ಲಿ, ಸವೆದ ಹೊಂಡಗಳಲ್ಲಿ ನೀರು ತುಂಬಿಕೊಂಡು ಬೆಳಕು ಚದುರುವುದು ನಿಲ್ಲುತ್ತದೆ, ಅದಕ್ಕೇ ಹಾಗೆ. ಇದು ಪಾಲಿಶ್‌ಗೆ ಬಗ್ಗುವ ದೋಷ. ಒದ್ದೆಯಾದಾಗಲೂ ಹಳದಿ ಹಾಗೇ ಉಳಿದರೆ ಬಣ್ಣ ಕ್ಲಿಯರ್ ಒಳಗಿದೆ ಅಥವಾ ಅದರ ಕೆಳಗಿನ ರೆಸಿನ್‌ನಲ್ಲಿದೆ. ಬಿಳಿ ಮಚ್ಚೆ ಒದ್ದೆಯಲ್ಲೂ ಹಾಗೇ ಉಳಿದು, ಅದರ ಅಂಚಿನಿಂದ ಮಾತ್ರ ಒಳಕ್ಕೆ ಒಂದು ಕಪ್ಪು ಗೆರೆ ನಿಧಾನಕ್ಕೆ ಹರಿಯುತ್ತಾ ಹೋದರೆ, ಕ್ಲಿಯರ್ ಎದ್ದಿದೆ, ಕೆಳಗೆ ಗಾಳಿ ಕೂತಿದೆ, ಈಗ ನೀರು ಆ ಸಂದಿಗೆ ಇಳೀತಾ ಇದೆ ಅಂತ ಅರ್ಥ. ಅಲ್ಲಿಗೆ ಪಾಲಿಶ್ ಪ್ಯಾಡ್ ತಾಗಿಸಿದರೆ ಸಿಪ್ಪೆ ಎದ್ದು ಬರುತ್ತದೆ.

ಮುಂದೆ, ಬಿಸಿಲು ಕಾಣದ ಜಾಗ ಹುಡುಕಿ. ನಂಬರ್ ಪ್ಲೇಟಿನ ಹಿಂದೆ, ರಬ್ಬರ್ ಬೀಡಿಂಗ್ ಕೆಳಗೆ, ಬಾನೆಟ್ಟಿನ ಒಳ ಮಡಿಕೆ, ಮಿರರ್ ಕವರಿನ ಒಳ ಅಂಚು. ಅಲ್ಲಿ ಬಣ್ಣ ಸರಿಯಾಗಿದ್ದು ಹೊರಗೆ ಮಾತ್ರ ಹಳದಿ ಇದ್ದರೆ ಬಿಸಿಲೇ ಕಾರಣ. ಎರಡೂ ಕಡೆ ಒಂದೇ ಥರ ಹಳದಿ ಇದ್ದರೆ ತಯಾರಿಸುವಾಗಲೇ ಆ ಛಾಯೆ ಇದ್ದಿರಬಹುದು, ಇಲ್ಲವಾದರೆ ಶಾಖ ಕಾರಣ.

ಬೆರಳ ಗೆಣ್ಣಿನಿಂದ ಅಥವಾ ನಾಣ್ಯದ ಅಂಚಿನಿಂದ ಮೆಲ್ಲಗೆ ತಟ್ಟುತ್ತಾ ಬನ್ನಿ. ಗಟ್ಟಿಯಿರುವ ಕಡೆ ಟಣ್ ಅಂತ ಚುರುಕಾಗಿ ಕೇಳುತ್ತದೆ, ಪದರ ಬಿಟ್ಟಿರುವ ಕಡೆ ದಬ್ ಅಂತ ಮಂದವಾಗಿ ಕೇಳುತ್ತದೆ. ಶಬ್ದ ಮಂದವಾದ ಜಾಗದ ಸುತ್ತ ಟೇಪ್ ಹಚ್ಚಿ ಗುರುತು ಮಾಡಿಟ್ಟುಕೊಳ್ಳಿ. ಬಣ್ಣದ ಮಚ್ಚೆಯೂ ಈ ಗುರುತೂ ಒಂದೇ ಕಡೆ ಬಂದರೆ ಇದು ಬರೀ ಅಂದಚಂದದ ಪ್ರಶ್ನೆಯಲ್ಲ.

ದಪ್ಪ ಅಳೆಯುವ ವಿಷಯ. ಪೇಂಟ್ ಅಂಗಡಿಗಳಲ್ಲಿ ಇರುವ ಸಾಮಾನ್ಯ ಗೇಜ್ ಉಕ್ಕು ಮತ್ತು ಅಲ್ಯೂಮಿನಿಯಂ ಮೇಲೆ ಕೆಲಸ ಮಾಡುವಂಥದ್ದು, ಕಾಂತದಿಂದ ಅಥವಾ ಎಡ್ಡಿ ಕರೆಂಟ್‌ನಿಂದ. ಕಾರ್ಬನ್ ಫೈಬರ್ ಮೇಲೆ ಅದು ಏನೂ ತೋರಿಸದೆ ಹೋಗಬಹುದು, ತೋರಿಸಿದರೂ ನಂಬುವಂತಿಲ್ಲ. ಇಲ್ಲಿ ಬೇಕಾದ್ದು ಅಲ್ಟ್ರಾಸೋನಿಕ್ ಗೇಜ್. ಅದಿಲ್ಲದೆ "ಇನ್ನೂ ಕ್ಲಿಯರ್ ಚೆನ್ನಾಗಿದೆ ಸಾರ್, ಉಜ್ಜಬಹುದು" ಅಂತ ಯಾರಾದರೂ ಹೇಳಿದರೆ ಅದು ಬರೀ ಅಂದಾಜು.

ಹಳದಿ

ಹಳದಿ ಅಂದರೆ ಮೊದಲು ಫಿಲ್ಮ್ ಇದೆಯಾ ನೋಡಿ. ಕಾರಿಗೆ ಪಿಪಿಎಫ್ (ಪೇಂಟ್ ಕಾಪಾಡಲು ಅಂಟಿಸುವ ಪಾರದರ್ಶಕ ಫಿಲ್ಮ್) ಹಾಕಿಸಿದ್ದು ನೆನಪಿಲ್ಲದೆ, ಇಲ್ಲವೇ ಹಿಂದಿನ ಮಾಲೀಕರು ಹಾಕಿಸಿದ್ದು ಗೊತ್ತೇ ಇಲ್ಲದೆ, ಕಾರ್ಬನ್ ಹಾಳಾಯ್ತು ಅಂದುಕೊಳ್ಳುವವರು ಇದ್ದಾರೆ. ಅಂಚಿನಲ್ಲಿ ಉಗುರು ಹಾಯಿಸಿ. ಸಣ್ಣ ಮೆಟ್ಟಿಲು ಸಿಕ್ಕಿ, ಹಳದಿಯೂ ಅದೇ ಗೆರೆಗೆ ನಿಂತಿದ್ದರೆ ಕೆಟ್ಟಿರುವುದು ಫಿಲ್ಮ್ ಅಥವಾ ಅದರ ಅಂಟು. ಬದಲಿಸಿದರೆ ಸಾಕು. ಆದರೆ ಹಳೇ ಫಿಲ್ಮನ್ನು ಜೋರಾಗಿ ಎಳೆಯಬೇಡಿ. ಕೆಳಗಿನ ಕ್ಲಿಯರ್ ಹಿಡಿತ ಸಡಿಲ ಆಗಿದ್ದರೆ ಅದೂ ಜೊತೆಗೇ ಬರುತ್ತದೆ. ಸ್ವಲ್ಪ ಬೆಚ್ಚಗೆ ಮಾಡಿ, ಮೇಲ್ಮೈಗೆ ಒತ್ತಿದ ಹಾಗೇ ಹಿಂದಕ್ಕೆ ಮಡಿಚಿ, ನಿಧಾನಕ್ಕೆ ಬಿಡಿಸಬೇಕು.

ಫಿಲ್ಮ್ ಇಲ್ಲ, ಮೇಲ್ಮುಖವಾಗಿರುವ ಭಾಗ ಜಾಸ್ತಿ ಹಳದಿ, ಪಕ್ಕದ ಭಾಗ ಕಡಿಮೆ. ಇದು ಬಿಸಿಲಿನ ಹಳದಿ. ರೂಫ್, ಬಾನೆಟ್, ಹಿಂದಿನ ರೆಕ್ಕೆಯ ಮೇಲ್ಭಾಗ ಮೊದಲು, ಸೈಡ್ ಸ್ಕರ್ಟ್ ಕೊನೆಗೆ. ಈಗ ಕೆಟ್ಟಿರುವುದು ಕ್ಲಿಯರ್ರೋ ರೆಸಿನ್ನೋ ಅಂತ ತಿಳಿಯಲು, ಮರೆಯಲ್ಲಿರುವ ಒಂದು ಸಣ್ಣ ಜಾಗದಲ್ಲಿ, ಅಂಚಿನಿಂದ ದೂರ, ಬಿಳಿ ಪ್ಯಾಡ್‌ಗೆ ಸೌಮ್ಯ ಪಾಲಿಶ್ ಹಾಕಿ ಕೈಯಿಂದಲೇ ಒಂದಿಷ್ಟು ಉಜ್ಜಿ ಪ್ಯಾಡ್ ತಿರುಗಿಸಿ ನೋಡಿ. ಹಳದಿ ಛಾಯೆ ಪ್ಯಾಡಿಗೆ ಬಂದು ಭಾಗ ತಿಳಿಯಾದರೆ ಕ್ಲಿಯರಿನ ಮೇಲ್ಪದರವೇ ಕೆಟ್ಟಿದೆ. ಪ್ಯಾಡ್ ಬಿಳಿಯಾಗೇ ಉಳಿದು ಭಾಗದ ಹಳದಿ ಒಂದಿಷ್ಟೂ ಬದಲಾಗದಿದ್ದರೆ ದೋಷ ಕೆಳಗಿದೆ, ಮೇಲಿಂದ ಎಷ್ಟು ಉಜ್ಜಿದರೂ ಹೋಗಲ್ಲ. ಪ್ಯಾಡ್ ಮೇಲೆ ಕಪ್ಪು ಬಂತೋ, ಆ ಕ್ಷಣ ನಿಲ್ಲಿಸಿ. ಅದು ಕಾರ್ಬನ್ ಪುಡಿ. ಅಲ್ಲಿ ಕ್ಲಿಯರ್ ಇಲ್ಲ, ರೆಸಿನ್ ಕೂಡ ಇಲ್ಲ, ನೀವು ಎಳೆಯನ್ನೇ ಸವೆಸುತ್ತಿದ್ದೀರಿ. ಸಾಮಾನ್ಯ ಟ್ವಿಲ್ ಬಟ್ಟೆಯ ಒಂದು ಪದರ ಇರುವುದೇ 0.2 ಮಿಲಿಮೀಟರ್ ಆಸುಪಾಸು, ಮತ್ತು ನೇಯ್ಗೆಯ ಉಬ್ಬಿದ ಜಾಗ ಮೊದಲು ಕತ್ತರಿಸಿ ಹೋಗುತ್ತದೆ.

ಮಾರುಕಟ್ಟೆಯಲ್ಲಿ ಸಿಗುವ ಅಗ್ಗದ ಭಾಗಗಳ ವಿಷಯ ಬೇರೆ. ಎಷ್ಟೋ ಸಲ ಕೆಳಗೆ ಫೈಬರ್‌ಗ್ಲಾಸ್, ಮೇಲೆ ಒಂದೇ ಪದರ ಕಾರ್ಬನ್ ಬಟ್ಟೆ, ಅದರ ಮೇಲೆ ಪಾಲಿಯೆಸ್ಟರ್ ರೆಸಿನ್ ಅಥವಾ ಜೆಲ್‌ಕೋಟ್, ಕ್ಲಿಯರ್ ಹೆಸರಿಗೆ ಮಾತ್ರ. ಇವು ಬಹಳ ಬೇಗ ಹಳದಿಯಾಗುತ್ತವೆ. ಹಾರ್ಡನರ್ ಬೆರೆಸದ, ಸ್ಪ್ರೇ ಡಬ್ಬಿಯ ಒನ್-ಕೆ ಲ್ಯಾಕರ್ ಹೊಡೆದಿದ್ದಾರಾ ಅಂತ ತಿಳಿಯಲು ಒಳಭಾಗದ ಮೂಲೆಯಲ್ಲಿ ಥಿನ್ನರ್ ಹಾಕಿದ ಬಟ್ಟೆ ತುಂಡನ್ನು ಕೆಲವು ಸೆಕೆಂಡ್ ಒತ್ತಿ. ಮೇಲ್ಮೈ ಅಂಟಂಟಾದರೆ ಒನ್-ಕೆ. ಹಾರ್ಡನರ್ ಬೆರೆಸಿ ಹೊಡೆದ ಟು-ಕೆ ಕ್ಲಿಯರ್ ಅಷ್ಟು ಸುಲಭಕ್ಕೆ ಕರಗಲ್ಲ. ಒನ್-ಕೆ ಅಂತ ಗೊತ್ತಾದರೆ ಅದನ್ನು ಉಳಿಸಿಕೊಳ್ಳುವ ಪ್ರಯತ್ನ ಬೇಡ, ತೆಗೆದು ಹೊಸದಾಗಿ ಹೊಡೆಸುವುದೇ ಸರಿ.

ಸೈಲೆನ್ಸರ್ ಬಾಯಿಯ ಸುತ್ತ, ಇಂಜಿನ್ ಕವರಿನ ನಡುವೆ, ಟರ್ಬೊ ಮೇಲಿನ ಬಾನೆಟ್ ಕಿಂಡಿಗಳ ಅಂಚಿನಲ್ಲಿ ಜೇನು ಬಣ್ಣದಿಂದ ಕಂದಿನವರೆಗೆ ತಿರುಗಿದ ಮಚ್ಚೆ ಇದ್ದರೆ ಅದು ಶಾಖದ್ದು. ಗುರುತಿಸುವುದು ಸುಲಭ. ಬಿಸಿಲಿನ ಹಳದಿ ಅಗಲಕ್ಕೆ ಹರಡಿರುತ್ತೆ, ಶಾಖದ ಮಚ್ಚೆಗೆ ಒಂದು ನಡು ಇರುತ್ತೆ, ಅಲ್ಲಿಂದ ಹೊರಕ್ಕೆ ಹೋದಂತೆ ತಿಳಿಯಾಗುತ್ತೆ, ಒಳಮೈ ತಿರುಗಿಸಿ ನೋಡಿದರೆ ಅಲ್ಲಿ ಮಚ್ಚೆ ಇನ್ನಷ್ಟು ಗಾಢವಾಗಿರುತ್ತೆ. ಇಲ್ಲಿ ಒಂದು ವಿಷಯ ಗಮನಿಸಬೇಕು. ರೆಸಿನ್ ಮೆದುವಾಗಲು ಶುರುವಾಗುವ ಒಂದು ಉಷ್ಣತೆ ಇದೆ, ಅದನ್ನು ಟಿಜಿ ಅಂತಾರೆ. ಕೋಣೆಯ ಉಷ್ಣತೆಯಲ್ಲೇ ಗಟ್ಟಿಯಾದ ಕೈಕೆಲಸದ ಎಪಾಕ್ಸಿಗೆ ಅದು 50ರಿಂದ 80 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರಬಹುದು. ಆಟೋಕ್ಲೇವ್ ಅನ್ನುವ ಒತ್ತಡದ ಒಲೆಯಲ್ಲಿ 120 ಡಿಗ್ರಿಯಲ್ಲಿ ಬೇಯಿಸಿದ ಪ್ರಿಪ್ರೆಗ್‌ಗೆ (ರೆಸಿನ್ ಮೊದಲೇ ತುಂಬಿದ ಬಟ್ಟೆಗೆ) ಸಾಮಾನ್ಯವಾಗಿ 100 ಡಿಗ್ರಿ ಮೇಲೆ. ಕಪ್ಪು ಭಾಗ ಬರೀ ಬಿಸಿಲಿಗೇ 70 ಡಿಗ್ರಿ ದಾಟಬಹುದು. ಹಾಗಾಗಿ ಶಾಖದಿಂದ ಕಂದಾದ ಭಾಗವನ್ನು ಬಣ್ಣದ ಲೆಕ್ಕದಲ್ಲಿ ಮಾತ್ರ ನೋಡಬೇಡಿ. ಆಕಾರ ಬಾಗಿದೆಯಾ, ಬೆರಳಲ್ಲಿ ಒತ್ತಿದರೆ ಉಳಿದ ಕಡೆಗಿಂತ ಮೆತ್ತಗಿದೆಯಾ, ಅಂಚಿನಲ್ಲಿ ಪದರ ಬಿಟ್ಟಿದೆಯಾ ನೋಡಿ. ಮತ್ತೆ ಶಾಖ ಯಾಕೆ ಅಲ್ಲಿಗೆ ಬಂತು ಅಂತಲೂ ಹುಡುಕಿ. ಶಾಖ ತಡೆಯುವ ಫಾಯಿಲ್ ಕಿತ್ತು ಹೋಗಿದೆಯಾ, ಎಕ್ಸಾಸ್ಟ್ ಪೈಪ್ ತನ್ನ ಜಾಗ ಬಿಟ್ಟು ಹತ್ತಿರ ಬಂದಿದೆಯಾ, ಬೇರೆ ಎಕ್ಸಾಸ್ಟ್ ಹಾಕಿಸಿದ್ದೀರಾ? ಕಾರಣ ತೆಗೆಯದೆ ಹೊಸ ಕ್ಲಿಯರ್ ಹೊಡೆಸಿದರೆ ಅದೇ ಜಾಗ ಮತ್ತೆ ಕಂದುತ್ತದೆ.

ಬಣ್ಣ ಬೆರೆಸಿದ ಕ್ಲಿಯರ್ ಇರುವ ಕಾರ್ಬನ್‌ನಲ್ಲಿ ಹಳದಿ ಹಳದಿಯಾಗಿ ಕಾಣಲ್ಲ. ನೀಲಿ ಕಾರ್ಬನ್ ಸ್ವಲ್ಪ ಹಸಿರು ಹೊಡೆಯುತ್ತದೆ. ಕೆಂಪು ಛಾಯೆಯದ್ದು ಬಿಸಿಲಿಗೆ ಪೇಲವವಾಗುತ್ತದೆ. ಇಂಥ ಭಾಗಕ್ಕೆ ಪಾಲಿಶ್ ಬೇಡವೇ ಬೇಡ. ಬಣ್ಣ ಇರುವುದೇ ಆ ಪದರದಲ್ಲಿ, ಸವೆದ ಕಡೆಯೆಲ್ಲ ಛಾಯೆ ತಿಳಿಯಾಗಿ ಮಚ್ಚೆ ಮಚ್ಚೆ ಆಗುತ್ತದೆ. ಕಾರ್ಬನ್ ಜೊತೆ ಕೆವ್ಲರ್ (ಬಲವಾದ ಒಂದು ಕೃತಕ ನಾರು) ನೇಯ್ದ ಭಾಗ ಇದ್ದರೆ, ಕೆವ್ಲರ್ ಎಳೆ ಹುಟ್ಟಿನಿಂದಲೇ ಹಳದಿ, ಬಿಸಿಲಿಗೆ ಇನ್ನೂ ಕಂದುತ್ತದೆ, ಶಕ್ತಿಯನ್ನೂ ಕಳೆದುಕೊಳ್ಳುತ್ತದೆ. ಉಜ್ಜಿದರೆ ನೂಲು ನೂಲಾಗಿ ಎದ್ದು ನಿಲ್ಲುತ್ತದೆ. ಅಲ್ಲಿಗೆ ಎಮರಿ ಪೇಪರ್ ತಾಗಿಸಬೇಡಿ.

ಬಿಳಿ, ಹಾಲಿನಂಥ ಮಂಕು, ಬೂದು

ಬಿಳಿ ಚುಕ್ಕೆಗಳು ಸೂಜಿ ಮೊನೆಯಷ್ಟು ಸಣ್ಣದಾಗಿ, ನೇಯ್ಗೆಯ ಎಳೆ ಎಳೆ ದಾಟುವ ಮೂಲೆಯಲ್ಲೇ ಸಾಲಾಗಿ ಕೂತಿದ್ದರೆ ಭಯ ಬೇಡ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲಿ ನೋಡಿದರೆ ಪ್ರತಿ ಚುಕ್ಕೆಯೂ ಒಂದು ಸಣ್ಣ ರಂಧ್ರ, ಅದರೊಳಗೆ ಒಣಗಿದ ಪಾಲಿಶ್ ಕಾಂಪೌಂಡ್. ರೆಸಿನ್ ತುಂಬದೆ ಉಳಿದ ಗಾಳಿ ತೂತು ಅದು. ಮೆತ್ತನೆ ಟೂತ್ ಬ್ರಷ್, ಬೆಚ್ಚಗಿನ ಸೋಪು ನೀರು, ಆಮೇಲೆ ಆಲ್ಕೋಹಾಲ್. ಚುಕ್ಕೆ ಕಪ್ಪಾಗಿಬಿಡುತ್ತದೆ. ಶಾಶ್ವತವಾಗಿ ಮುಚ್ಚಬೇಕು ಅಂದರೆ ಮತ್ತೆ ಕ್ಲಿಯರ್ ಹೊಡೆಯುವಾಗ ಮೊದಲು ತುಂಬಿಸಬೇಕು.

ಹೊಸದಾಗಿ ಕ್ಲಿಯರ್ ಹೊಡೆಸಿದ ದಿನವೇ ಹಾಲಿನಂಥ ಪೊರೆ ಕಂಡರೆ, ಹೊಡೆಯುವಾಗ ಗಾಳಿಯಲ್ಲಿ ತೇವ ಜಾಸ್ತಿ ಇತ್ತು. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ತೇವ ಕೂತುಬಿಡುತ್ತದೆ. ಕೈಕೆಲಸದ ಎಪಾಕ್ಸಿ ಗಟ್ಟಿಯಾಗುವಾಗಲೂ ಹಾರ್ಡನರಿನ ಅಮೀನ್ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಮೇಣದಂಥ ಪೊರೆ ಕಟ್ಟುತ್ತದೆ. ಅದನ್ನು ಬೆಚ್ಚಗಿನ ನೀರಲ್ಲಿ ತೊಳೆಯದೆ ಮೇಲೆ ಕ್ಲಿಯರ್ ಹೊಡೆದಿದ್ದರೆ, ಮುಂದೆ ಕ್ಲಿಯರ್ ಹಾಳೆ ಹಾಳೆಯಾಗಿ ಏಳುವುದು ಬಹುತೇಕ ಖಂಡಿತ.

ವರ್ಷಗಳ ಮೇಲೆ ನಿಧಾನಕ್ಕೆ ಬಂದ ಬಿಳುಪು ಬೇರೆ. ನನಗೆ ಇದರ ಬಗ್ಗೆಯೇ ಜಾಸ್ತಿ ಕಾಳಜಿ, ಯಾಕೆಂದರೆ ಇದನ್ನೇ ಎಲ್ಲರೂ ತಪ್ಪಾಗಿ ಓದುತ್ತಾರೆ. ಕ್ಲಿಯರ್ ಮೇಲಿಂದ ನೋಡಲು ಗಟ್ಟಿಯಾಗೇ ಇರುತ್ತದೆ, ಹೊಳಪೂ ಇರುತ್ತದೆ. ಆದರೆ ಅದರೊಳಗಿಂದ ನುಸುಳಿದ ನೇರಳಾತೀತ ಕಿರಣ ಕೆಳಗಿನ ಎಪಾಕ್ಸಿಯ ಮೇಲ್ಪದರವನ್ನು ಸುಣ್ಣದ ಪುಡಿಯಂತೆ ಮಾಡಿರುತ್ತದೆ. ಕ್ಲಿಯರ್ ಹಿಡಿದುಕೊಂಡಿದ್ದು ಆ ಪದರವನ್ನೇ. ಅಲ್ಲಿ ಹಿಡಿತ ತಪ್ಪಿ ಗಾಳಿ ಸೇರಿದ ಕಡೆ ಬಿಳಿ ಕಾಣುತ್ತದೆ. ಮೊದಲು ಕಲ್ಲು ಬಡಿದ ಚಿಪ್ಪಿನ ಸುತ್ತ, ಇಲ್ಲವೇ ಅಂಚಿನಲ್ಲಿ, ಉಗುರಿನ ಅರ್ಧಚಂದ್ರದ ಆಕಾರದಲ್ಲಿ. ಇಲ್ಲಿ ಉಗುರು ಕೊಟ್ಟರೆ ಪಾರದರ್ಶಕ ಸಿಪ್ಪೆ ಏಳುತ್ತದೆ, ಕೆಳಗೆ ಬೆರಳು ಉಜ್ಜಿದರೆ ಬೆರಳಿಗೆ ಪುಡಿ ಹತ್ತುತ್ತದೆ. ಆ ಪುಡಿ ಕಂಡರೆ ತೀರ್ಮಾನ ಆದ ಹಾಗೆ. ಟಚ್ ಅಪ್ ಮಾಡಿ ಪ್ರಯೋಜನ ಇಲ್ಲ, ಆ ಭಾಗದ ಪೂರ್ತಿ ಕ್ಲಿಯರ್ ತೆಗೆದು, ಕೆಟ್ಟ ರೆಸಿನ್ ಉಜ್ಜಿ, ಹೊಸದಾಗಿ ಹೊಡೆಯಬೇಕು. ಸಮಾಧಾನದ ವಿಷಯ, ಈ ಕಿರಣ ಎಪಾಕ್ಸಿಯೊಳಗೆ ಆಳಕ್ಕೆ ಇಳಿಯುವುದಿಲ್ಲ, ಕೆಡುವುದು ಮೇಲಿನ ಕೆಲವು ಹತ್ತು ಮೈಕ್ರಾನ್ ಮಾತ್ರ. ಬೇಗ ಗಮನಿಸಿದರೆ ಭಾಗ ಉಳಿಯುತ್ತದೆ.

ಬೋಲ್ಟ್, ಹಿಂಜ್, ಲೋಗೋ ಪಿನ್ನಿನ ಸುತ್ತ ಮಾತ್ರ ಬಿಳಿ ಪುಡಿ ಅಥವಾ ಗುಳ್ಳೆ ಇದ್ದರೆ ಬಿಸಿಲನ್ನು ಬಿಟ್ಟುಬಿಡಿ, ಅದು ಲೋಹದ ಸವೆತ. ಕಾರ್ಬನ್ ವಿದ್ಯುತ್ ಹರಿಸುತ್ತದೆ, ಮತ್ತು ಅಲ್ಯೂಮಿನಿಯಂ ಜೊತೆ ಒದ್ದೆಯಲ್ಲಿ ಕೂತರೆ ಬ್ಯಾಟರಿಯಂತೆ ಕೆಲಸ ಮಾಡುತ್ತದೆ. ಸವೆಯುವುದು ಅಲ್ಯೂಮಿನಿಯಂ. ಉಪ್ಪಿನ ಅಂಶ ಇರುವ ನೀರು ಬಿದ್ದರೆ ಇನ್ನೂ ಬೇಗ. ಬಿಳಿ ಪುಡಿ ಅಲ್ಯೂಮಿನಿಯಂದು, ಕಿತ್ತಳೆ ಕಂದು ಬಣ್ಣ ಉಕ್ಕಿನದು. ಬೋಲ್ಟ್ ಬಿಚ್ಚಿ ಸ್ವಚ್ಛ ಮಾಡಿ, ಟೈಟಾನಿಯಂ ಅಥವಾ ಒಳ್ಳೆಯ ಸ್ಟೇನ್‌ಲೆಸ್ ಬೋಲ್ಟ್ ಹಾಕಿ, ನಡುವೆ ನೈಲಾನ್ ವಾಷರ್ ಅಥವಾ ಫೈಬರ್‌ಗ್ಲಾಸ್ ಪದರ ಕೊಟ್ಟು ಕಾರ್ಬನ್‌ಗೂ ಲೋಹಕ್ಕೂ ಸಂಪರ್ಕ ತಪ್ಪಿಸಬೇಕು. ಆದರೆ ಹಿಂದಿನ ರೆಕ್ಕೆಯ ಕಾಲು, ಸೀಟು, ಬೆಲ್ಟ್, ಸಸ್ಪೆನ್ಶನ್ ಹಿಡಿಯುವ ಬೋಲ್ಟ್‌ಗಳಿಗೆ ತಯಾರಕರು ಹೇಳಿದ್ದನ್ನು ಬಿಟ್ಟು ಬೇರೆ ಹಾಕಬೇಡಿ.

ಮ್ಯಾಟ್ ಕಾರ್ಬನ್‌ನಲ್ಲಿ ಹೊಳೆಯುವ ಮಚ್ಚೆ ಕಂಡರೆ ಯಾರೋ ಅಲ್ಲಿ ಉಜ್ಜಿದ್ದಾರೆ. ಮ್ಯಾಟ್ ಮೇಲ್ಮೈಯ ಸಣ್ಣ ಒರಟುತನ ಸವೆದರೆ ಪಾಲಿಶ್‌ನಿಂದ ವಾಪಸ್ ತರಲು ಆಗಲ್ಲ, ಮತ್ತೆ ಮ್ಯಾಟ್ ಕ್ಲಿಯರ್ ಹೊಡೆಯುವುದೊಂದೇ ದಾರಿ. ಗಡಸು ನೀರಿನ ಉಂಗುರಗಳು, ಹಕ್ಕಿ ಹಿಕ್ಕೆಯ ಗುರುತು, ಚೆಲ್ಲಿದ ಪೆಟ್ರೋಲ್ ಕಲೆ, ಇವೆಲ್ಲ ಸಾಮಾನ್ಯ ಪೇಂಟಿನ ಮೇಲೆ ಹೇಗೋ ಇಲ್ಲೂ ಹಾಗೇ. ಬಂಪರ್, ಸ್ಕರ್ಟ್ ಮೇಲಿನ ಕಿತ್ತಳೆ ಚುಕ್ಕೆ ಸಾಮಾನ್ಯವಾಗಿ ಬ್ರೇಕಿನಿಂದ ಹಾರಿದ ಕಬ್ಬಿಣದ ಪುಡಿ. ಐರನ್ ರಿಮೂವರ್ ಹಾಕಿದಾಗ ನೇರಳೆಗೆ ತಿರುಗಿದರೆ ಅದೇ.

ಬಣ್ಣದ ಜೊತೆ ನೇಯ್ಗೆಯ ಆಕಾರ ಕ್ಲಿಯರ್ ಮೇಲೆ ಉಬ್ಬಿ ಕಾಣುತ್ತಿದ್ದರೆ ಅದಕ್ಕೆ ಪ್ರಿಂಟ್ ಥ್ರೂ ಅಂತಾರೆ. ಕಾರ್ಬನ್ ಎಳೆ ಉದ್ದಕ್ಕೆ ಶಾಖಕ್ಕೆ ಹಿಗ್ಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಎಪಾಕ್ಸಿ ಚೆನ್ನಾಗೇ ಹಿಗ್ಗುತ್ತದೆ. ಪೂರ್ತಿ ಗಟ್ಟಿಯಾಗದ ರೆಸಿನ್ ಬಿಸಿಲಲ್ಲಿ ಮತ್ತಷ್ಟು ಗಟ್ಟಿಯಾಗುತ್ತಾ ಕುಗ್ಗುತ್ತದೆ, ನೇಯ್ಗೆ ಮೇಲೆ ಮೂಡುತ್ತದೆ. ಇದು ಬಣ್ಣದ ದೋಷ ಅಲ್ಲ. 1987ರಲ್ಲಿ ಬಂದ ಫೆರಾರಿ ಎಫ್40ಯಲ್ಲಂತೂ ತೆಳು ಕೆಂಪು ಪೇಂಟಿನ ಕೆಳಗೆ ನೇಯ್ಗೆ ಕಾಣುವುದನ್ನು ಜನ ಅಸಲಿ ಗುರುತು ಅಂತಲೇ ಹುಡುಕಿ ನೋಡುತ್ತಾರೆ.

ಸರಿ ಮಾಡುವಾಗ

ಕ್ಲಿಯರಿನ ಮೇಲ್ಮೈ ಮಾತ್ರ ಕೆಟ್ಟಿದ್ದರೆ, ದಪ್ಪ ಸಾಕಷ್ಟಿದೆ ಅಂತ ಅಳತೆ ಹೇಳಿದರೆ, ಮೊದಲು ಅತಿ ಸೌಮ್ಯ ಪಾಲಿಶ್, ಸಾಲದಿದ್ದರೆ ಮಾತ್ರ ಅದಕ್ಕಿಂತ ಗಟ್ಟಿಯದು. 3000 ಗ್ರಿಟ್ ಎಮರಿ ಪೇಪರ್‌ನಿಂದ ಆಗುವ ಕೆಲಸಕ್ಕೆ ಅದಕ್ಕಿಂತ ಒರಟಾದ 1500 ಹಿಡಿಯಬೇಡಿ. ಅಂಚುಗಳಿಗೆ ಟೇಪ್ ಹಾಕಿ. ಮೆಷಿನ್ ಒಂದೇ ಜಾಗದಲ್ಲಿ ನಿಲ್ಲಿಸಬೇಡಿ.

ಕ್ಲಿಯರ್ ಪೂರ್ತಿ ತೆಗೆಯಬೇಕು ಅಂದಾಗ ಪೇಂಟ್ ರಿಮೂವರ್ ಬಳಸಬೇಡಿ. ಕ್ಲಿಯರನ್ನು ಕರಗಿಸುವ ರಾಸಾಯನಿಕ ಕೆಳಗಿನ ರೆಸಿನ್ನನ್ನೂ ತಿನ್ನುತ್ತದೆ. ಹೀಟ್ ಗನ್ನೂ ಬೇಡ, ಮರಳು ಬ್ಲಾಸ್ಟಿಂಗೂ ಬೇಡ. ಕೈಯಿಂದ, ನೀರು ಹಾಕಿ, ಪಿ400ರಿಂದ ಪಿ600ರ ಆಸುಪಾಸಿನ ಪೇಪರಿನಲ್ಲಿ, ಚಪ್ಪಟೆ ಬ್ಲಾಕ್ ಇಟ್ಟು ನಿಧಾನಕ್ಕೆ ಉಜ್ಜಬೇಕು. ನೀರಿನ ಬಣ್ಣ ನೋಡುತ್ತಾ ಇರಿ. ಬಿಳಿ ನೀರು ಬಂದರೆ ಕ್ಲಿಯರ್, ಹಳದಿ ಮಿಶ್ರವಾದರೆ ಕೆಟ್ಟ ರೆಸಿನ್, ಬೂದು ತಿರುಗಲು ಶುರುವಾದರೆ ಎಳೆ ಹತ್ತಿರ ಬಂತು, ಅಲ್ಲೇ ನಿಲ್ಲಬೇಕು. ಒಂದು ಕಡೆ ಎಳೆ ಕಂಡಿತು ಅಂತ ಪಕ್ಕದ ಹಳದಿ ಬಿಡಿಸಲು ಅಲ್ಲೇ ಇನ್ನಷ್ಟು ಉಜ್ಜಿದರೆ ನೇಯ್ಗೆಯ ಮಾದರಿಯೇ ಅಳಿಸಿಹೋಗುತ್ತದೆ, ಅದನ್ನು ಮತ್ತೆ ತರಲು ಹೊಸ ಬಟ್ಟೆ ಕೂರಿಸಬೇಕು.

ರಂಧ್ರಗಳಿದ್ದರೆ ಮೊದಲು ತೆಳುವಾದ ಎಪಾಕ್ಸಿ ಬಳಿದು ತುಂಬಿಸಿ, ಗಟ್ಟಿಯಾದ ಮೇಲೆ ಸಮ ಮಾಡಿ. ಆಮೇಲೆ ಯುವಿ ರಕ್ಷಣೆ ಇರುವ ಟು-ಕೆ ಪಾಲಿಯುರೆಥೇನ್ ಕ್ಲಿಯರ್. ಹಾರ್ಡನರ್ ಅಲಿಫ್ಯಾಟಿಕ್ ಐಸೋಸೈನೇಟ್ ಇರಬೇಕು, ಆರೋಮ್ಯಾಟಿಕ್ (ಬೆಂಜೀನ್ ಉಂಗುರ ಇರುವಂಥದ್ದು) ಆದರೆ ಅದೇ ಹಳದಿಯಾಗುತ್ತದೆ. ಡಬ್ಬಿಯ ತಾಂತ್ರಿಕ ಹಾಳೆ ಓದಿದರೆ ಇದು ಗೊತ್ತಾಗುತ್ತದೆ, ಎಷ್ಟು ಕೋಟ್, ನಡುವೆ ಎಷ್ಟು ಹೊತ್ತು ಬಿಡಬೇಕು ಅನ್ನುವುದೂ ಅದರಲ್ಲೇ ಇರುತ್ತದೆ. ಪೇಂಟ್ ಬೂತಿನಲ್ಲಿ ಸಾಮಾನ್ಯವಾಗಿ 60 ಡಿಗ್ರಿಗೆ ಬೇಯಿಸುತ್ತಾರೆ. ಕೈಕೆಲಸದ ಭಾಗ ಅಂತ ಗೊತ್ತಿದ್ದರೆ ಪೇಂಟರ್‌ಗೆ ಮೊದಲೇ ಹೇಳಿ, ಭಾಗ ಬಾಗದ ಹಾಗೆ ಕೆಳಗೆ ಆಧಾರ ಕೊಟ್ಟು ಕಡಿಮೆ ಶಾಖದಲ್ಲಿ ಆರಿಸಬೇಕು.

ಟು-ಕೆ ಕ್ಲಿಯರ್ ಹೊಡೆಯುವಾಗ ಬರುವ ಐಸೋಸೈನೇಟ್ ಹನಿ ಶ್ವಾಸಕೋಶಕ್ಕೆ ತುಂಬಾ ಕೆಟ್ಟದ್ದು, ಒಮ್ಮೆ ಅಲರ್ಜಿ ಹಿಡಿದರೆ ಬಿಡಲ್ಲ. ಹೊರಗಿನಿಂದ ಗಾಳಿ ಕೊಡುವ ಮಾಸ್ಕ್ ಇಲ್ಲದೆ ಹೊಡೆಯಬೇಡಿ. ಕಾರ್ಬನ್ ಪುಡಿಯೂ ಚರ್ಮಕ್ಕೆ ಚುಚ್ಚಿ ತುರಿಸುತ್ತದೆ, ಅದಕ್ಕೇ ಒದ್ದೆಯಲ್ಲಿ ಉಜ್ಜಿ ಅಂದಿದ್ದು. ಪುಡಿ ವಿದ್ಯುತ್ ಹರಿಸುವುದರಿಂದ ಕಾರಿನ ಎಲೆಕ್ಟ್ರಾನಿಕ್ ಭಾಗಗಳ ಹತ್ತಿರ ಒಣಗಿಸಿ ಉಜ್ಜುವುದಂತೂ ಬೇಡವೇ ಬೇಡ.

ಹಳದಿ ರೆಸಿನ್ ಎಳೆಗಳ ನಡುವೆಯೇ ಇಳಿದಿದ್ದರೆ ಪೂರ್ತಿ ತೆಗೆಯಲು ಆಗಲ್ಲ. ಆಗ ಕ್ಲಿಯರಿಗೆ ತುಸು ಕಪ್ಪು ಛಾಯೆ ಬೆರೆಸಿ ಹೊಡೆಯುತ್ತಾರೆ, ನೇಯ್ಗೆ ಸ್ವಲ್ಪ ಗಾಢ ಕಾಣುತ್ತದೆ, ಹಳದಿ ಅಡಗುತ್ತದೆ. ನನಗೆ ಇದು ಒಳ್ಳೆಯ ದಾರಿಯೇ ಅನಿಸುತ್ತದೆ, ಎಳೆ ಸವೆಸುವುದಕ್ಕಿಂತ ಸಾವಿರ ಪಾಲು ಮೇಲು. ಜೋಡಿ ಭಾಗಗಳಿದ್ದರೆ, ಎರಡೂ ಮಿರರ್ ಕವರ್ ಅಥವಾ ಎರಡೂ ಬದಿಯ ಸ್ಕರ್ಟ್, ಎರಡನ್ನೂ ಒಟ್ಟಿಗೆ ಮಾಡಿಸಿ. ಒಂದನ್ನೇ ಮಾಡಿಸಿದರೆ ಇನ್ನೊಂದು ಹಳೆಯದು ಅಂತ ದೂರದಿಂದಲೇ ಗೊತ್ತಾಗುತ್ತದೆ.

ಕ್ಲಿಯರೇ ಇಲ್ಲದ ಕಾರ್ಬನ್ ಕೂಡ ಇದೆ. ಸ್ವೀಡನ್ನಿನ ಕಾರು ಕಂಪನಿ ಕೋನಿಗ್‌ಸೆಗ್ ನೇಕೆಡ್ ಕಾರ್ಬನ್ ಅಂತ ಕರೆಯುವ ಫಿನಿಶ್‌ನಲ್ಲಿ ಮೇಲಿನ ಎಪಾಕ್ಸಿಯನ್ನು ಕೈಯಿಂದ ಉಜ್ಜಿ ತೆಗೆದು ಎಳೆಯನ್ನೇ ಹೊರಗೆ ಬಿಟ್ಟಿರುತ್ತಾರೆ. ಇಲ್ಲಿ ಮೇಲೆ ಹೇಳಿದ ಯಾವ ಉಜ್ಜುವ ಕೆಲಸವೂ ಅನ್ವಯಿಸಲ್ಲ. ಕಾರ್ಬನ್ ಚಕ್ರಗಳೂ ಅಷ್ಟೇ. 2015ರಲ್ಲಿ ತೋರಿಸಿದ ಫೋರ್ಡ್ ಶೆಲ್ಬಿ ಜಿಟಿ350ಆರ್‌ನ ಕಾರ್ಬನ್ ಚಕ್ರಗಳಿಗೆ ಬ್ರೇಕಿನ ಶಾಖ ತಡೆಯಲು ಒಳಗಡೆ ಸೆರಾಮಿಕ್ ಲೇಪನ ಕೊಟ್ಟಿದ್ದರು. ಅಂಥ ಕಡೆ ಬಣ್ಣ ತಿರುಗಿದೆ ಅಂದರೆ ಲೇಪನ ಅಥವಾ ರೆಸಿನ್‌ಗೆ ಶಾಖ ತಗುಲಿದೆಯಾ ಅನ್ನುವುದು ಮೊದಲ ಪ್ರಶ್ನೆ, ಅಂದ ಆಮೇಲೆ. ಚಕ್ರ, ಕಾರಿನ ಮೂಲ ಚೌಕಟ್ಟಾದ ಮೊನೊಕಾಕ್, ಸೀಟಿನ ಶೆಲ್, ರೆಕ್ಕೆಯ ಕಾಲು ಇವುಗಳಲ್ಲಿ ಕಂದು ಮಚ್ಚೆ, ಮಂದ ಶಬ್ದ ಅಥವಾ ಎಳೆ ಹೊರಬಂದ ಬಿರುಕು ಯಾವುದೇ ಕಂಡರೂ ಉಜ್ಜಬೇಡಿ, ಬೇಯಿಸಬೇಡಿ. ಫೋಟೋ ತೆಗೆದು, ಕಾರು ಓಡಿಸುವುದು ನಿಲ್ಲಿಸಿ, ತಯಾರಕರ ಕಾಂಪೋಸಿಟ್ ವಿಭಾಗದವರಿಂದ ಅಲ್ಟ್ರಾಸೌಂಡ್ ತಪಾಸಣೆ ಮಾಡಿಸಿ. ವಾರಂಟಿ ಇನ್ನೂ ಇದ್ದರೆ ಬಾನೆಟ್, ಸ್ಪಾಯ್ಲರ್‌ನಂಥ ಭಾಗಗಳಿಗೂ ಇದೇ ಮಾತು: ತೊಳೆದು, ಒದ್ದೆ ಮಾಡಿ ನೋಡಿ, ಫೋಟೋ ತೆಗೆದು, ಪ್ಯಾಡ್ ತಾಗಿಸುವ ಮೊದಲೇ ತೋರಿಸಿ. ಒಮ್ಮೆ ಉಜ್ಜಿದ ಮೇಲೆ ಮೂಲ ದೋಷ ಯಾವುದು, ಉಜ್ಜಿದ್ದರಿಂದ ಆದದ್ದು ಯಾವುದು ಅಂತ ಬೇರೆ ಮಾಡಿ ತೋರಿಸುವುದು ಕಷ್ಟ.